ಬಾಟಲಿಯ ಮೇಲೊಂದು ಇಸವಿ

ನರಿ ಮತ್ತು ದ್ರಾಕ್ಷಿಯ ಕಥೆ ನಿಮಗೆಲ್ಲ ಗೊತ್ತು. ಎಗರಿ ಎಗರಿ ಸಾಕಾಗಿ, ‘ಈ ದ್ರಾಕ್ಷಿ ಹುಳಿ’ ಎಂದು ಮುಖ ತಿರುಗಿಸಿಕೊಂಡು ಹೋಯಿತಲ್ಲ, ಆ ನರಿ. ಅದೇನಾದರೂ ಅಕ್ಟೋಬರ್ ಮೊದಲ ವಾರದಲ್ಲಿ ಇಂಗ್ಲೆಂಡಿನ ದಕ್ಷಿಣದಲ್ಲಿರುವ ಸಸೆಕ್ಸ್‌ನ ಯಾವುದಾದರೂ ತೋಟಕ್ಕೆ ಹೋಗಿದ್ದರೆ ಅದರ ಮಾತು ನಿಜವೇ ಆಗುತ್ತಿತ್ತು. ಬಳ್ಳಿಯೂ ಅಲ್ಲಿ ಎತ್ತರವಿಲ್ಲ, ಗೊಂಚಲು ಮೊಣಕಾಲ ಹತ್ತಿರ ತೂಗುತ್ತದೆ. ಸುಲಭವಾಗಿ ಎಟುಕುತ್ತದೆ. ಆದರೆ ಬಾಯಿಗೆ ಹಾಕಿಕೊಂಡರೆ ಕಣ್ಣು ತಾನಾಗಿ ಮುಚ್ಚುತ್ತದೆ.

ನಾನು ಒಂದು ವರ್ಷ ಅಂಥ ತೋಟವೊಂದರಲ್ಲಿ ಕೊಯ್ಲಿನ ಕೆಲಸಕ್ಕೆ ಹೋಗಿದ್ದೆ. ಮೊದಲ ದಿನ ಬೆಳಿಗ್ಗೆ, ಎಲ್ಲರೂ ಮಾಡುವಂತೆ, ಒಂದು ಕಾಳು ಕಿತ್ತು ಬಾಯಿಗೆ ಹಾಕಿಕೊಂಡೆ. ಅದು ಶಾರ್ಡೊನೆ ತಳಿ. ಸಿಹಿ ಇತ್ತು, ಇಲ್ಲ ಅಂತಲ್ಲ. ಆದರೆ ಅದರ ಹಿಂದೆಯೇ ಬಂದ ಹುಳಿ ದವಡೆಯ ಎರಡೂ ಬದಿ ಹಿಡಿದು ಹಿಂಡಿತು. ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಮೇಲ್ವಿಚಾರಕ ನನ್ನ ಮುಖ ನೋಡಿ ನಕ್ಕ. ‘ಅದಕ್ಕೇ ಅಲ್ವಾ ನಾವು ಇಲ್ಲಿರೋದು’ ಅಂದ.

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಇವತ್ತಿನ ಮಾತು ಪೂರ್ತಿ ಅದರ ಸುತ್ತವೇ. ಒಳ್ಳೆಯ ಸ್ಪಾರ್ಕ್ಲಿಂಗ್ ವೈನ್, ಅದರಲ್ಲೂ ಲೇಬಲ್ಲಿನ ಮೇಲೆ ಇಸವಿ ಹೊತ್ತ ದುಬಾರಿ ಬಾಟಲಿ ಅಂದರೆ ನಮಗೆ ಗುಳ್ಳೆ, ನೊರೆ, ಸಂಭ್ರಮ ಎಲ್ಲ ನೆನಪಾಗುತ್ತವೆ. ಅವೆಲ್ಲ ಮೇಲಿನ ಅಲಂಕಾರ. ಒಳಗಿನ ಬಂಡವಾಳ ಹುಳಿ. ಚಳಿ ಆ ಹುಳಿಯನ್ನು ಕೊಡುತ್ತದೆ, ಕಾಲ ಅದನ್ನು ಪಳಗಿಸುತ್ತದೆ. ಇಸವಿ ಹಾಕಬೇಕೋ ಬೇಡವೋ ಎನ್ನುವುದನ್ನು ಮಾತ್ರ ಮನುಷ್ಯ ತೀರ್ಮಾನಿಸುತ್ತಾನೆ.

ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿಗಳಿರುತ್ತವೆ. ಒಂದು ಟಾರ್ಟಾರಿಕ್, ಇನ್ನೊಂದು ಮ್ಯಾಲಿಕ್. ಹಸಿರು ಸೇಬನ್ನು ಕಚ್ಚಿದಾಗ ಹಲ್ಲು ಚುಳ್ ಅನ್ನುತ್ತದಲ್ಲ, ಅದು ಮ್ಯಾಲಿಕ್. ಹಣ್ಣು ಮಾಗುವಾಗ ಗಿಡ ಈ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಸುಡುತ್ತದೆ. ಸೆಕೆ ಜಾಸ್ತಿಯಾದಷ್ಟೂ ಬೇಗ ಸುಡುತ್ತದೆ. ಬಿಸಿಲು ನಾಡಿನಲ್ಲಿ ಸಕ್ಕರೆ ಸರಸರ ಏರುತ್ತದೆ, ಹುಳಿ ಅಷ್ಟೇ ವೇಗವಾಗಿ ಇಳಿಯುತ್ತದೆ. ಚಳಿ ನಾಡಿನಲ್ಲಿ ರಾತ್ರಿಗಳು ತಂಪು, ಬೇಸಿಗೆಯ ಹಗಲು ಉದ್ದ ಆದರೆ ಬಿಸಿಲಿಗೆ ಖಾರವಿಲ್ಲ. ಸಕ್ಕರೆ ನಿಧಾನವಾಗಿ ಏರುತ್ತದೆ, ಹುಳಿ ಉಳಿದುಕೊಳ್ಳುತ್ತದೆ. ಆ ನಿಧಾನದಲ್ಲಿ ಸಿಪ್ಪೆಗೆ ಪರಿಮಳ ಕೂಡಿಕೊಳ್ಳಲು ಸಮಯ ಸಿಗುತ್ತದೆ.

ಮಾಮೂಲಿ ವೈನಿಗೆ ಇಂಥ ಹಣ್ಣು ಕಷ್ಟ. ಹಿಂಡಿ ಹುದುಗಿಸಿದರೆ ಶೇ 10ರ ಆಸುಪಾಸು ಆಲ್ಕೋಹಾಲ್ ಇರುವ, ತೆಳ್ಳಗಿನ, ಚೂಪು ಹುಳಿಯ ವೈನ್ ಸಿಗುತ್ತದೆ. ಯಾರೂ ಇಷ್ಟಪಟ್ಟು ಕುಡಿಯುವುದಿಲ್ಲ. ಆದರೆ ಸ್ಪಾರ್ಕ್ಲಿಂಗ್ ವೈನಿಗೆ ಬೇಕಾಗಿರುವುದೇ ಅದು. ಯಾಕೆಂದರೆ ಆ ವೈನ್ ಇನ್ನೊಂದು ಸಲ ಹುದುಗಬೇಕು, ಆಗ ಆಲ್ಕೋಹಾಲ್ ಇನ್ನೂ ಒಂದು, ಒಂದೂವರೆ ಅಂಶ ಏರುತ್ತದೆ. ಮೊದಲೇ ಶೇ 13 ಇದ್ದರೆ ಕೊನೆಗೆ ಬಾಯಲ್ಲಿ ಉರಿ ಮಾತ್ರ ಉಳಿದೀತು. ಮೇಲಾಗಿ ಅದು ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಮಲಗಬೇಕು. ಹುಳಿ ಇಲ್ಲದ ವೈನ್ ಅಷ್ಟು ದಿನ ತಾಳುವುದಿಲ್ಲ, ಸಪ್ಪೆಯಾಗಿ ಕುಸಿಯುತ್ತದೆ.

ಈಗ ಇಸವಿಯ ವಿಷಯ. ಅಂಗಡಿಯಲ್ಲಿ ಸಾಲಾಗಿ ಇಟ್ಟ ಶಾಂಪೇನ್ ಬಾಟಲಿಗಳನ್ನು ನೋಡಿ. ಬಹುಪಾಲು ಬಾಟಲಿಗಳ ಮೇಲೆ ಇಸವಿಯೇ ಇರುವುದಿಲ್ಲ. ನೋಡಿದವರಿಗೆ ಆಶ್ಚರ್ಯ. ಇಷ್ಟು ಬೆಲೆ ತೆಗೆದುಕೊಂಡು ಯಾವ ವರ್ಷದ್ದು ಅಂತಲೂ ಹೇಳುವುದಿಲ್ಲವಾ? ಅದು ಮುಚ್ಚಿಡುವುದಲ್ಲ. ಚಳಿ ನಾಡಿನಲ್ಲಿ ಒಂದು ವರ್ಷದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. ಒಂದು ವರ್ಷ ಮಳೆ ಹೊಡೆಯುತ್ತದೆ, ಇನ್ನೊಂದು ವರ್ಷ ಹಣ್ಣು ಮಾಗುವುದೇ ಇಲ್ಲ. ಹಾಗಾಗಿ ಈ ವರ್ಷದ ವೈನಿಗೆ ಹಳೆಯ ವರ್ಷಗಳಿಂದ ಎತ್ತಿಟ್ಟ ವೈನ್ ಬೆರೆಸುತ್ತಾರೆ. ಎತ್ತಿಟ್ಟದ್ದನ್ನು ರಿಸರ್ವ್ ವೈನ್ ಅನ್ನುತ್ತಾರೆ. ಹೋದ ವರ್ಷ ಕುಡಿದ ರುಚಿಯೇ ಈ ವರ್ಷವೂ ಸಿಗಬೇಕು ಎನ್ನುವುದು ಅದರ ಉದ್ದೇಶ. ಆ ಬೆರಕೆ ಒಂದು ದೊಡ್ಡ ಕಸುಬು, ಅದನ್ನು ಕೀಳಾಗಿ ನೋಡಬೇಡಿ.

ಇಸವಿ ಹಾಕಿದ ಬಾಟಲಿಯ ಲೆಕ್ಕ ಬೇರೆ. ‘ಈ ಒಂದು ವರ್ಷ ತನ್ನ ಕಾಲ ಮೇಲೆ ತಾನು ನಿಂತಿತು, ಬೇರೆ ವರ್ಷದ ಊರುಗೋಲು ಬೇಕಾಗಲಿಲ್ಲ’ ಅಂತ ತಯಾರಕ ಹೇಳುತ್ತಿದ್ದಾನೆ. ಇದಕ್ಕೆ ವಿಂಟೇಜ್ ಅನ್ನುತ್ತಾರೆ. ಹಳೆ ಕಾರಿಗೆ ವಿಂಟೇಜ್ ಅಂದುಬಿಟ್ಟು ಆ ಪದಕ್ಕೆ ಹಳೆಯದು ಎನ್ನುವ ಅರ್ಥ ಅಂಟಿಕೊಂಡಿದೆ. ವೈನಿನಲ್ಲಿ ಅದರ ಅರ್ಥ ಒಂದು ವರ್ಷದ ಕೊಯ್ಲು, ಅಷ್ಟೇ. ಶಾಂಪೇನ್ ನಿಯಮದ ಪ್ರಕಾರ ಇಸವಿ ಹಾಕಿದರೆ ಪೂರ್ತಿ ನೂರಕ್ಕೆ ನೂರು ಆ ವರ್ಷದ ದ್ರಾಕ್ಷಿಯೇ ಇರಬೇಕು. ಬಾಟಲಿಗೆ ತುಂಬಿದ ಮೇಲೆ ಕನಿಷ್ಠ 3 ವರ್ಷ ಮಾಗಬೇಕು. ಇಸವಿ ಇಲ್ಲದ ಬಾಟಲಿಗೆ 15 ತಿಂಗಳು ಸಾಕು. ಯುರೋಪಿನ ಸಾಮಾನ್ಯ ವೈನ್ ನಿಯಮ ಇಷ್ಟು ಬಿಗಿಯಲ್ಲ, ಶೇ 85ರಷ್ಟು ಆ ವರ್ಷದ್ದಾದರೆ ಇಸವಿ ಹಾಕಬಹುದು.

ನಾನು ಶಾಂಪೇನ್ ಬಿಟ್ಟು ಇಂಗ್ಲೆಂಡಿನ ಕಡೆ ಯಾಕೆ ಹೋದೆ ಅಂತ ಕೆಲವರು ಕೇಳಿದ್ದಾರೆ. ಫ್ರಾನ್ಸಿನ ಶಾಂಪೇನ್ ಪ್ರದೇಶ ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸಸೆಕ್ಸ್ 51ರ ಹತ್ತಿರ. ಅಂದರೆ ದ್ರಾಕ್ಷಿ ಬೆಳೆಯಬಹುದಾದ ಗಡಿಯ ಇನ್ನೂ ಅಂಚಿಗೆ. ನೆಲದ ವಿಷಯದಲ್ಲಿ ಎರಡೂ ಕಡೆ ನೆಂಟಸ್ತಿಕೆ ಇದೆ. ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣದಂಥ ಬಿಳಿ, ಮೆತ್ತನೆಯ ಕಲ್ಲು ಶಾಂಪೇನಿನಲ್ಲೂ ಇದೆ, ಕಡಲುಗಾಲುವೆ ದಾಟಿದರೆ ಇಂಗ್ಲೆಂಡಿನ ಸೌತ್ ಡೌನ್ಸ್ ಗುಡ್ಡಗಳಲ್ಲೂ ಇದೆ. ಈ ಕಲ್ಲು ಮಳೆ ನೀರನ್ನು ಸ್ಪಂಜಿನ ಹಾಗೆ ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಹೆಚ್ಚಾದ ನೀರನ್ನು ಕೆಳಕ್ಕೆ ಇಳಿಸಿಬಿಡುತ್ತದೆ. ಬಳ್ಳಿಯ ಕಾಲು ಒದ್ದೆಯಾಗಿ ನಿಲ್ಲುವುದಿಲ್ಲ. ಆದರೆ ಇಂಗ್ಲೆಂಡಿನ ಒಳ್ಳೆಯ ತೋಟಗಳೆಲ್ಲ ಸುಣ್ಣದ ಮೇಲೆಯೇ ಇವೆ ಅಂದುಕೊಳ್ಳಬೇಡಿ. ಹಸಿರು ಮರಳುಗಲ್ಲಿನ ಮೇಲೂ ಚೆನ್ನಾಗಿ ಬೆಳೆದಿವೆ. ಸುಣ್ಣದ ಹೆಸರು ಮಾರಾಟಕ್ಕೆ ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ಅದರ ಮಾತು ಜಾಸ್ತಿ.

1988ರಲ್ಲಿ ಸ್ಟುವರ್ಟ್ ಮತ್ತು ಸ್ಯಾಂಡಿ ಮಾಸ್ ಎನ್ನುವ ಅಮೆರಿಕದ ದಂಪತಿ ವೆಸ್ಟ್ ಸಸೆಕ್ಸ್‌ನ ನೈಟಿಂಬರ್ ಎನ್ನುವ ಹಳೆಯ ಜಮೀನಿನಲ್ಲಿ ಶಾಂಪೇನ್ ತಳಿಗಳನ್ನು ನೆಟ್ಟರು. ಶಾರ್ಡೊನೆ, ಪಿನೋ ನ್ವಾರ್, ಮ್ಯೂನಿಯೇ. ಆಗ ಇಂಗ್ಲೆಂಡಿನಲ್ಲಿ ಚಳಿ ತಡೆಯುವ ಜರ್ಮನ್ ತಳಿಗಳದ್ದೇ ಕಾರುಬಾರು. ಈ ದಂಪತಿಗೆ ತಿಳಿದವರಿಂದ ಬಂದ ಸಲಹೆ ‘ಸೇಬು ಹಾಕಿ’ ಅಂತಂತೆ. ಅವರು ಕೇಳಲಿಲ್ಲ. 1992ರ ಕೊಯ್ಲಿನಿಂದ ಮೊದಲ ವೈನ್ ಬಂತು, ಶಾರ್ಡೊನೆ ಒಂದರಿಂದಲೇ ಮಾಡಿದ್ದು. ಅದಕ್ಕೆ ಪದಕವೂ ಬಂತು. ಆಮೇಲೆ ಬಂದವರಿಗೆಲ್ಲ ಧೈರ್ಯ ಬಂತು. ಎಷ್ಟು ಧೈರ್ಯ ಅಂದರೆ, 2017ರಲ್ಲಿ ಶಾಂಪೇನಿನ ಟೈಟಿಂಜರ್ ಮನೆತನವೇ ಇಂಗ್ಲೆಂಡಿನ ಕೆಂಟ್‌ನಲ್ಲಿ ಬಳ್ಳಿ ನೆಟ್ಟಿತು.

ಈಗ ಚಳಿ ನಾಡಿನಲ್ಲಿ ಒಂದು ಇಸವಿ ಹೇಗೆ ಹುಟ್ಟುತ್ತದೆ ಅಥವಾ ಸಾಯುತ್ತದೆ ನೋಡೋಣ. ಮೊದಲ ಗಂಡಾಂತರ ಏಪ್ರಿಲ್ ಕೊನೆಯಲ್ಲಿ. ಚಳಿಗಾಲದಲ್ಲಿ ಕೊಂಬೆ ಕತ್ತರಿಸಿ ಚಾಟನಿ ಮಾಡಿದ ಬಳ್ಳಿ ಆಗ ಕಣ್ಣು ಬಿಟ್ಟಿರುತ್ತದೆ. ಚಿಗುರು ಅಂದರೆ ಉಗುರಿನಷ್ಟು, ನಸುಗೆಂಪು ಅಂಚಿನ, ಮುಟ್ಟಿದರೆ ಮುರಿಯುವಂಥದ್ದು. ಆ ಚಿಗುರಿನೊಳಗೆ ಆ ವರ್ಷದ ಗೊಂಚಲು ಆಗಲೇ ಇದೆ. ಮೋಡವಿಲ್ಲದ, ಗಾಳಿಯಿಲ್ಲದ ಒಂದು ರಾತ್ರಿ ಬಂದು ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಮುಗಿಯಿತು. ಬೆಳಿಗ್ಗೆ ಚಿಗುರು ಕಂದು ಬಣ್ಣಕ್ಕೆ ತಿರುಗಿ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತದೆ. ಪಕ್ಕದ ಕಣ್ಣಿನಿಂದ ಇನ್ನೊಂದು ಚಿಗುರು ಬರುತ್ತದೆ, ಆದರೆ ಅದರಲ್ಲಿ ಹಣ್ಣು ಕಡಿಮೆ.

ಚಳಿಗಾಳಿ ನೀರಿನ ಹಾಗೆ. ಭಾರ, ಇಳಿಜಾರು ಹುಡುಕಿಕೊಂಡು ಕೆಳಕ್ಕೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಒಳ್ಳೆಯ ತೋಟಗಳು ಇಳಿಜಾರಿನಲ್ಲಿ ಇರುತ್ತವೆ, ಕೆಳಗಡೆ ಬೇಲಿ ಒತ್ತಾಗಿದ್ದರೆ ಅಲ್ಲಲ್ಲಿ ಕಂಡಿ ಬಿಡಿಸುತ್ತಾರೆ. ಚಳಿಗೆ ಹೋಗಲು ದಾರಿ ಬೇಕಲ್ಲ. ಅದೂ ಸಾಲದಿದ್ದರೆ ಮೇಣದ ಡಬ್ಬಿಗಳು. ಬಕೆಟ್ಟಿನಷ್ಟು ದೊಡ್ಡ ತಗಡಿನ ಡಬ್ಬಿಯಲ್ಲಿ ಮೇಣ, ನಡುವೆ ಬತ್ತಿ. ಹೆಕ್ಟೇರಿಗೆ ಮುನ್ನೂರರ ಹತ್ತಿರ ಬೇಕು. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ, ಎಲ್ಲರೂ ಟಾರ್ಚ್ ಹಿಡಿದು ಓಡುತ್ತಾರೆ. ಸಾಲಿನಿಂದ ಸಾಲಿಗೆ ಬಗ್ಗಿ ಬಗ್ಗಿ ಹಚ್ಚಬೇಕು. ಫೋಟೋದಲ್ಲಿ ದೀಪೋತ್ಸವದ ಹಾಗೆ ಚಂದ ಕಾಣಿಸುತ್ತದೆ. ಅಲ್ಲಿದ್ದವರಿಗೆ ಹೊಗೆ, ಕೆಮ್ಮು, ಬೆನ್ನುನೋವು.

ಇನ್ನೊಂದು ಉಪಾಯವಂತೂ ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ. ಚಳಿ ಬೀಳುವ ರಾತ್ರಿ ಬಳ್ಳಿಗಳ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಚಿಗುರಿನ ಮೇಲೆಯೇ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ನೋಡಿದರೆ ಪ್ರತಿ ಚಿಗುರೂ ಗಾಜಿನ ಗೂಡಿನೊಳಗೆ ಕೂತಿರುತ್ತದೆ. ಒಳಗೆ ಹಸಿರಾಗಿಯೇ ಇರುತ್ತದೆ! ನೀರು ಮಂಜುಗಡ್ಡೆಯಾಗುವಾಗ ಶಾಖ ಬಿಟ್ಟುಕೊಡುತ್ತದೆ. ನೀರು ಸುರಿಯುತ್ತಲೇ ಇದ್ದರೆ, ಹೆಪ್ಪುಗಟ್ಟುತ್ತಲೇ ಇದ್ದರೆ, ಒಳಗಿನ ಚಿಗುರು ಸೊನ್ನೆ ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ, ಅದಕ್ಕಿಂತ ಕೆಳಗಿಳಿಯುವುದಿಲ್ಲ. ನಡುವೆ ಪಂಪು ಕೈಕೊಟ್ಟರೆ ಮಾತ್ರ ಕಥೆ ಮುಗಿಯಿತು, ಮೊದಲಿಗಿಂತ ಜಾಸ್ತಿ ಹಾಳು. 2017ರ ಏಪ್ರಿಲ್ ಕೊನೆಯ ವಾರದ ಚಳಿಯಲ್ಲಿ ಇಂಗ್ಲೆಂಡಿನ ಕೆಲವು ತೋಟಗಳು ಅರ್ಧಕ್ಕಿಂತ ಹೆಚ್ಚು ಬೆಳೆ ಕಳೆದುಕೊಂಡವು.

ಎರಡನೆಯ ಗಂಡಾಂತರ ಜೂನ್ ಕೊನೆಯಲ್ಲಿ, ಹೂ ಬಿಡುವಾಗ. ದ್ರಾಕ್ಷಿ ಹೂ ನೋಡಿದ್ದೀರಾ? ನೋಡಿದರೂ ಹೂ ಅಂತ ಗೊತ್ತಾಗುವುದಿಲ್ಲ, ಸಾಸಿವೆ ಕಾಳಿಗೆ ಐದು ಕೇಸರ ಅಂಟಿಸಿದ ಹಾಗೆ. ಆ ಎರಡು ವಾರ ಒಣಗಿದ, ಬೆಚ್ಚಗಿನ ಹವೆ ಬೇಕು. ಮಳೆ, ಚಳಿ ಬಂದರೆ ಹೂ ಕಾಯಿ ಕಟ್ಟದೆ ಉದುರಿಹೋಗುತ್ತದೆ. ಮೂರನೆಯದು ಸೆಪ್ಟೆಂಬರ್ ಅಕ್ಟೋಬರಿನ ಮಳೆ ಮತ್ತು ಕೊಳೆ. ಅದು ಎಲ್ಲ ಬೆಳೆಗೂ ಇದ್ದದ್ದೇ, ಬಿಡಿ.

2012ರಲ್ಲಿ ಎರಡನೆಯದೂ ಮೂರನೆಯದೂ ಸೇರಿಕೊಂಡು ಬಂದವು. 1910ರಿಂದ ಇಟ್ಟ ಲೆಕ್ಕದಲ್ಲಿ ಇಂಗ್ಲೆಂಡಿಗೆ ಅದೇ ಅತಿ ಹೆಚ್ಚು ಮಳೆಯ ವರ್ಷ. ಹೂ ಬಿಡುವ ಹೊತ್ತಿಗೆ ಮಳೆ. ಕಾಯಿ ಕಟ್ಟಿದ್ದೇ ಕಡಿಮೆ. ಕಟ್ಟಿದ್ದೂ ಮಾಗಲಿಲ್ಲ. ಆಗ ನೈಟಿಂಬರಿನಲ್ಲಿ ವೈನ್ ಮಾಡುತ್ತಿದ್ದವರು ಕೆನಡಾದ ಶೆರಿ ಸ್ಪ್ರಿಗ್ಸ್. ಅವರು ಆ ಅಕ್ಟೋಬರಿನಲ್ಲಿ ಒಂದು ತೀರ್ಮಾನಕ್ಕೆ ಬಂದರು: ಈ ವರ್ಷ ಕೊಯ್ಯುವುದೇ ಬೇಡ. ಒಂದು ಗೊಂಚಲೂ ಬೇಡ. ವರ್ಷಪೂರ್ತಿ ಚಾಟನಿ, ಕಟ್ಟುವುದು, ಔಷಧಿ, ಕೂಲಿ, ಎಲ್ಲ ಮಾಡಿದ ಮೇಲೆ! 2012 ಎನ್ನುವ ಇಸವಿ ಇರುವ ನೈಟಿಂಬರ್ ಬಾಟಲಿ ಎಲ್ಲೂ ಇಲ್ಲ.

ಇದು ಹುಂಬತನ ಅಂತ ಆಗ ಹೇಳಿದವರೂ ಇದ್ದರು. ಬೇರೆ ತೋಟಗಳು ಸಿಕ್ಕಷ್ಟು ಕೊಯ್ದವು, ಸ್ವಲ್ಪ ವೈನ್ ಮಾಡಿದವು. ಅದು ತಪ್ಪೂ ಅಲ್ಲ, ಎಲ್ಲರಿಗೂ ಒಂದು ವರ್ಷದ ಆದಾಯ ಬಿಡುವ ಶಕ್ತಿ ಇರುವುದಿಲ್ಲ. ಆದರೂ ನನಗೆ ಆ ತೀರ್ಮಾನ ಇಷ್ಟ. ಲೇಬಲ್ಲಿನ ಮೇಲೆ ಇಸವಿ ಹಾಕುವವರು ಕೆಲವು ಇಸವಿಗಳನ್ನು ಬಿಡಲೂ ತಯಾರಿರಬೇಕು. ಇಲ್ಲದಿದ್ದರೆ ಅದು ತಯಾರಾದ ತಾರೀಖು ಮುದ್ರೆ ಹೊಡೆದ ಹಾಗೆ.

ಇನ್ನೊಂದು ತಮಾಷೆ ಕೇಳಿ. ಅದೇ 2012ರಲ್ಲಿ ಶಾಂಪೇನಿನಲ್ಲೂ ಶುರು ಕೆಟ್ಟದಾಗಿಯೇ ಇತ್ತು. ಚಳಿ ಹೊಡೆಯಿತು, ಆಲಿಕಲ್ಲು ಬಿತ್ತು, ಬೂಜು ರೋಗ ಬಂತು. ಆದರೆ ಆಗಸ್ಟಿನಲ್ಲಿ ಬಿಸಿಲು ಬಂತು. ಉಳಿದ ಸ್ವಲ್ಪ ಹಣ್ಣು ಅದ್ಭುತವಾಗಿ ಮಾಗಿತು. ಇವತ್ತು ಶಾಂಪೇನ್ ಪ್ರಿಯರು 2012 ಅಂದರೆ ಬಾಯಿ ಚಪ್ಪರಿಸುತ್ತಾರೆ. ನಡುವೆ ಒಂದು ಕಡಲುಗಾಲುವೆ ಅಷ್ಟೇ. ಹಾಗಾಗಿ ‘2012 ಒಳ್ಳೆಯ ವರ್ಷವಾ?’ ಅಂತ ಯಾರಾದರೂ ಕೇಳಿದರೆ ‘ಎಲ್ಲಿಯದು?’ ಅಂತ ವಾಪಸ್ ಕೇಳಿ.

ಕೊಯ್ಲಿನ ನಂತರದ ಕೆಲಸ ಸ್ವಲ್ಪ ಬೇಗ ಹೇಳಿಬಿಡುತ್ತೇನೆ. ಗೊಂಚಲನ್ನು ಕೈಯಲ್ಲೇ ಕತ್ತರಿಸುತ್ತಾರೆ, ಇಡೀ ಗೊಂಚಲನ್ನೇ ಮೆಲ್ಲಗೆ ಒತ್ತುತ್ತಾರೆ. ಪಿನೋ ನ್ವಾರ್, ಮ್ಯೂನಿಯೇ ಎರಡೂ ಕಪ್ಪು ದ್ರಾಕ್ಷಿ, ಆದರೆ ಒಳಗಿನ ರಸ ಬಿಳಿ. ಸಿಪ್ಪೆಯ ಬಣ್ಣ ಇಳಿಯದ ಹಾಗೆ ಹಿಂಡಬೇಕು. ಶಾಂಪೇನಿನಲ್ಲಿ 4,000 ಕಿಲೋ ಹಣ್ಣಿನಿಂದ 2,550 ಲೀಟರ್ ರಸ ಮಾತ್ರ ತೆಗೆಯಬಹುದು. ಅದರಲ್ಲೂ ಮೊದಲು ಬರುವ 2,050 ಲೀಟರ್ ಶ್ರೇಷ್ಠ. ಆಮೇಲೆ ಆ ರಸ ಹುದುಗಿ ಚೂಪು ಹುಳಿಯ ವೈನ್ ಆಗುತ್ತದೆ. ವಸಂತದಲ್ಲಿ ಅದಕ್ಕೆ ಲೀಟರಿಗೆ 24 ಗ್ರಾಂನಷ್ಟು ಸಕ್ಕರೆ, ಜೊತೆಗೆ ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ, ಸೋಡಾ ಬಾಟಲಿಯಂಥ ತಗಡಿನ ಮುಚ್ಚಳ ಬಿಗಿಯುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಹೋಗಲು ದಾರಿಯಿಲ್ಲ. ವೈನಿನಲ್ಲೇ ಕರಗಿ ಕೂರುತ್ತದೆ. ಕೊನೆಗೆ ಒಳಗಿನ ಒತ್ತಡ 6 ವಾಯುಭಾರದ ಹತ್ತಿರ. ನಿಮ್ಮ ಕಾರಿನ ಚಕ್ರದಲ್ಲಿರುವುದರ ಎರಡೂವರೆಯಿಂದ ಮೂರು ಪಟ್ಟು.

ಈ ಸಕ್ಕರೆ ಹಾಕುವ ಉಪಾಯ ಯಾರದು? ಎಲ್ಲರೂ ಡಾಮ್ ಪೆರಿನ್ಯೋನ್ ಎನ್ನುವ ಫ್ರೆಂಚ್ ಸನ್ಯಾಸಿಯದು ಅನ್ನುತ್ತಾರೆ. ಅವರು ಶಾಂಪೇನಿನ ಒತ್ವಿಲೇರ್ ಮಠಕ್ಕೆ ಬಂದದ್ದು 1668ರಲ್ಲಿ. ಅವರ ದೊಡ್ಡ ತಲೆನೋವು ಗುಳ್ಳೆ ಬರದ ಹಾಗೆ ತಡೆಯುವುದು ಹೇಗೆ ಅಂತ. ನೊರೆ ವೈನ್ ಮೊದಲ ಸಲ ಕುಡಿದು ‘ನಕ್ಷತ್ರ ಕುಡಿಯುತ್ತಿದ್ದೇನೆ’ ಅಂದರು ಎನ್ನುವುದೆಲ್ಲ ಆಮೇಲೆ ಕಟ್ಟಿದ ಕಥೆ. ಅವರು ಮಠಕ್ಕೆ ಬರುವುದಕ್ಕೂ ಆರು ವರ್ಷ ಮೊದಲು, 1662ರ ಡಿಸೆಂಬರಿನಲ್ಲಿ, ಕ್ರಿಸ್ಟೋಫರ್ ಮೆರೆಟ್ ಎನ್ನುವ ಇಂಗ್ಲಿಷ್ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿ ಎನ್ನುವ ವಿಜ್ಞಾನಿಗಳ ಸಂಘಕ್ಕೆ ಒಂದು ಬರಹ ಒಪ್ಪಿಸಿದ. ಇಲ್ಲಿನ ವೈನ್ ವ್ಯಾಪಾರಿಗಳು ವೈನಿಗೆ ಸಕ್ಕರೆ, ಕಾಕಂಬಿ ಹಾಕಿ ನೊರೆ ಬರಿಸುತ್ತಾರೆ ಅಂತ ಅದರಲ್ಲಿದೆ. ಇಂಗ್ಲಿಷರಿಗೆ ಇದು ಸಾಧ್ಯವಾದದ್ದು ಗಾಜಿನಿಂದ. ಹಡಗು ಕಟ್ಟಲು ಮರ ಬೇಕು ಅಂತ 1615ರಲ್ಲಿ ಅಲ್ಲಿನ ರಾಜ ಗಾಜಿನ ಕುಲುಮೆಗೆ ಸೌದೆ ಹಾಕುವುದನ್ನು ನಿಷೇಧಿಸಿದ್ದ. ಕಲ್ಲಿದ್ದಲು ಬಂತು, ಕುಲುಮೆ ಇನ್ನೂ ಕಾದಿತು, ಗಾಜು ಗಟ್ಟಿಯಾಯಿತು. ಒತ್ತಡ ತಡೆಯುವ ಬಾಟಲಿ ಅಲ್ಲಿ ಮೊದಲು ಸಿಕ್ಕಿತು. ಆದರೆ ಅವರು ನೊರೆ ಬರಿಸುತ್ತಿದ್ದದ್ದು ಹೊರಗಿನಿಂದ ತರಿಸಿದ ವೈನಿಗೆ, ಸಸೆಕ್ಸ್ ದ್ರಾಕ್ಷಿಗಲ್ಲ. ಇವತ್ತು ಇಂಗ್ಲೆಂಡಿನ ಕೆಲವು ತಯಾರಕರು ಮೆರೆಟ್ ಹೆಸರು ಹೇಳಿಕೊಂಡು ಮೀಸೆ ತಿರುವುವಾಗ ಈ ಸಣ್ಣ ವಿಷಯ ಮರೆತುಬಿಡುತ್ತಾರೆ.

ಆಗಿನ ಕಾಲದಲ್ಲಿ ಎಷ್ಟು ಸಕ್ಕರೆ ಹಾಕಬೇಕು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಒಂದು ಬಾಟಲಿ ಸಿಡಿದರೆ ಪಕ್ಕದ್ದೂ ಸಿಡಿಯುತ್ತಿತ್ತು. ಕೆಲಸದವರು ಮುಖಕ್ಕೆ ಕಬ್ಬಿಣದ ಜಾಲರಿ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. 1830ರ ದಶಕದಲ್ಲಿ ಜಾನ್ ಬತೀಸ್ತ್ ಫ್ರಾನ್ಸ್ವಾ ಎನ್ನುವ ಶಾಂಪೇನಿನ ಔಷಧಿ ವ್ಯಾಪಾರಿ ಸಕ್ಕರೆ ಅಳೆದು ಹಾಕುವ ಲೆಕ್ಕ ಹೇಳಿಕೊಟ್ಟ. ಅಲ್ಲಿಂದ ಸಿಡಿಯುವುದು ಕಡಿಮೆಯಾಯಿತು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಸಕ್ಕರೆ ಮುಗಿದ ಮೇಲೆ ಯೀಸ್ಟ್ ಸಾಯುತ್ತದೆ. ಸತ್ತ ಯೀಸ್ಟ್ ಬಾಟಲಿಯ ಹೊಟ್ಟೆಯಲ್ಲಿ ಬಿಳಿ ಗಷ್ಟಾಗಿ ಮಲಗುತ್ತದೆ. ವೈನ್ ಅದರ ಮೇಲೆ ವರ್ಷಗಟ್ಟಲೆ ಮಲಗಿರುತ್ತದೆ. ಕತ್ತಲೆ, ತಂಪು, ಸದ್ದಿಲ್ಲ. ನೋಡಿದರೆ ಏನೂ ನಡೆಯುತ್ತಿಲ್ಲ. ಆದರೆ ಒಳಗೆ ಯೀಸ್ಟ್ ಕೋಶಗಳು ತಮ್ಮನ್ನು ತಾವೇ ನಿಧಾನವಾಗಿ ಕರಗಿಸಿಕೊಳ್ಳುತ್ತಿರುತ್ತವೆ. ಅಮೈನೋ ಆಮ್ಲಗಳು, ಕೋಶದ ಗೋಡೆಯ ಪ್ರೋಟೀನುಗಳು ವೈನಿಗೆ ಇಳಿಯುತ್ತವೆ. ಆಗಷ್ಟೇ ಬೇಯಿಸಿದ ಬ್ರೆಡ್ಡಿನ ಘಮ, ಬಿಸ್ಕತ್ತು, ಹುರಿದ ಬಾದಾಮಿ, ಇವೆಲ್ಲ ಬರುವುದು ಇಲ್ಲಿಂದ. ದ್ರಾಕ್ಷಿಯಿಂದಲ್ಲ. ಬಾಯಲ್ಲಿ ಗುಳ್ಳೆ ಚುಚ್ಚದೆ ಕೆನೆಯ ಹಾಗೆ ಹರಡುವುದಕ್ಕೂ ಈ ಗಷ್ಟೇ ಕಾರಣ. ಜೊತೆಗೆ ಗಷ್ಟು ಒಳಗಿನ ಆಮ್ಲಜನಕವನ್ನು ಹೀರಿಕೊಂಡು ವೈನ್ ಮುದಿಯಾಗದಂತೆ ಕಾಯುತ್ತದೆ. ಒಂದು ಕಡೆ ಮಾಗಿಸುತ್ತದೆ, ಇನ್ನೊಂದು ಕಡೆ ಎಳೆಯದಾಗಿಯೂ ಇಡುತ್ತದೆ. ಇಂಥ ಕೆಲಸ ಬೇರೆ ಯಾವ ಡಬ್ಬಿ, ಪೀಪಾಯಿಯೂ ಮಾಡುವುದಿಲ್ಲ.

ಹುಳಿ ಬೇಕು ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಐದು, ಏಳು, ಹತ್ತು ವರ್ಷ ಗಷ್ಟಿನ ಮೇಲೆ ಮಲಗಬೇಕಾದರೆ ವೈನಿಗೆ ಬೆನ್ನುಮೂಳೆ ಬೇಕು. ಹುಳಿಯ ಪ್ರಮಾಣ ಅಷ್ಟೇನೂ ಇಳಿಯುವುದಿಲ್ಲ, ಆದರೆ ಅದರ ಸುತ್ತ ಮಾಂಸ ತುಂಬಿಕೊಳ್ಳುತ್ತದೆ. ಮೊದಲ ವರ್ಷ ಚೂರಿಯ ಹಾಗಿದ್ದದ್ದು ಎಂಟನೆಯ ವರ್ಷಕ್ಕೆ ನಿಂಬೆಯ ಸಿಪ್ಪೆ, ಜೇನು, ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಸೇರಿಕೊಂಡು ನೆಟ್ಟಗೆ ನಿಂತಿರುತ್ತದೆ.

ಬೆಲೆ ಯಾಕೆ ಅಷ್ಟು ಅಂತ ಕೇಳುವವರಿಗೆ ಇದೇ ಉತ್ತರ. ಇವತ್ತು ಕೊಯ್ದದ್ದರ ದುಡ್ಡು ಎಂಟು ವರ್ಷದ ಮೇಲೆ ಬರುತ್ತದೆ. ಅಷ್ಟರಲ್ಲಿ ಇನ್ನೂ ಎಂಟು ಕೊಯ್ಲು ಮುಗಿದು ಅದರ ಮೇಲೆ ಪೇರಿಸಿರುತ್ತದೆ. ಬ್ಯಾಂಕಿನವರು ಇದಕ್ಕೆಲ್ಲ ಹೂಂ ಅನ್ನುವುದು ಕಷ್ಟ. ಹಾಗಂತ ಜಾಸ್ತಿ ವರ್ಷ ಮಲಗಿದ್ದೆಲ್ಲ ಒಳ್ಳೆಯದು ಅಂತಲ್ಲ. ದುರ್ಬಲ ವರ್ಷದ ವೈನನ್ನು ಹತ್ತು ವರ್ಷ ಇಟ್ಟರೆ ಹತ್ತು ವರ್ಷ ಹಳೆಯ ದುರ್ಬಲ ವೈನ್ ಸಿಗುತ್ತದೆ.

ಕೊನೆಗೆ ಗಷ್ಟನ್ನು ಹೊರಗೆ ಹಾಕಬೇಕು. ಬಾಟಲಿಯನ್ನು ದಿನದಿನ ಸ್ವಲ್ಪ ತಿರುಗಿಸಿ, ಸ್ವಲ್ಪ ಎತ್ತಿ, ಕ್ರಮೇಣ ತಲೆಕೆಳಗು ಮಾಡುತ್ತಾರೆ. ಗಷ್ಟು ಜಾರಿ ಬಾಟಲಿಯ ಕುತ್ತಿಗೆಗೆ ಬರುತ್ತದೆ. ಮೊದಲು ಮರದ ಹಲಗೆಯ ತೂತುಗಳಲ್ಲಿ ಸಿಕ್ಕಿಸಿ ಕೈಯಲ್ಲೇ ತಿರುಗಿಸುತ್ತಿದ್ದರು. ನುರಿತವನು ದಿನಕ್ಕೆ 40,000 ಬಾಟಲಿ ತಿರುಗಿಸುತ್ತಿದ್ದ, ಎರಡೂ ಕೈಯಲ್ಲಿ, ಟಕ ಟಕ ಅಂತ. ಈಗ ಐನೂರು ಬಾಟಲಿಯ ಪಂಜರವನ್ನು ಯಂತ್ರವೇ ತಿರುಗಿಸುತ್ತದೆ. ಆರು ವಾರದ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ. ರುಚಿಯಲ್ಲಿ ವ್ಯತ್ಯಾಸವಿಲ್ಲ. ಕೈಯಲ್ಲಿ ತಿರುಗಿಸಿದ್ದು ಅಂತ ಲೇಬಲ್ಲಿನಲ್ಲಿ ಬರೆದರೆ ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಆಮೇಲೆ ಬಾಟಲಿಯ ಕತ್ತನ್ನು ಸೊನ್ನೆಗಿಂತ 27 ಡಿಗ್ರಿ ಕೆಳಗಿನ ದ್ರವದಲ್ಲಿ ಅದ್ದುತ್ತಾರೆ. ಗಷ್ಟು ಮಂಜಿನ ಬಿರಡೆಯಾಗುತ್ತದೆ. ಮುಚ್ಚಳ ತೆಗೆದರೆ ಒತ್ತಡಕ್ಕೆ ಅದು ಪಟ್ ಅಂತ ಹಾರುತ್ತದೆ. ಕೈಯಲ್ಲಿ, ಹೆಪ್ಪುಗಟ್ಟಿಸದೆ ಮಾಡುವ ಹಳೆಯ ವಿಧಾನ ಒಂದಿದೆ. ತಲೆಕೆಳಗಾದ ಬಾಟಲಿಯನ್ನು ಮೇಲಕ್ಕೆತ್ತುವ ಒಂದೇ ಬೀಸಿನಲ್ಲಿ ಮುಚ್ಚಳ ತೆಗೆಯಬೇಕು. ಒಳಗಿನ ಗಾಳಿಗುಳ್ಳೆ ಕತ್ತಿಗೆ ಬಂದು ತಲುಪುವ ಕ್ಷಣ, ಗಷ್ಟು ವಾಪಸ್ ಜಾರುವ ಮುಂಚೆ. ನಾನು ಪ್ರಯತ್ನಿಸಿದೆ. ಬೇಗ ತೆಗೆದೆ. ಅರ್ಧ ಬಾಟಲಿ ನನ್ನ ಅಂಗಿಯ ಮೇಲೆ, ಕಾಲು ಬಾಟಲಿ ಗೋಡೆಯ ಮೇಲೆ. ಎರಡನೆಯದನ್ನು ತಡವಾಗಿ ತೆಗೆದೆ. ವೈನ್ ಪೂರ್ತಿ ಉಳಿಯಿತು, ಗಷ್ಟೂ ಪೂರ್ತಿ ಉಳಿಯಿತು. ಮೂರನೆಯದನ್ನು ಅವರು ನನಗೆ ಕೊಡಲಿಲ್ಲ.

ಚೆಲ್ಲಿದ್ದನ್ನು ತುಂಬಿಸಲು ಸ್ವಲ್ಪ ವೈನ್, ಸ್ವಲ್ಪ ಸಕ್ಕರೆ ಹಾಕುತ್ತಾರೆ. ಲೇಬಲ್ಲಿನಲ್ಲಿ ‘ಬ್ರೂಟ್’ ಅಂತಿದ್ದರೆ ಲೀಟರಿಗೆ 12 ಗ್ರಾಂವರೆಗೆ ಸಕ್ಕರೆ. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗಿದ ಹಡಗಿನಲ್ಲಿ 168 ಹಳೆಯ ಶಾಂಪೇನ್ ಬಾಟಲಿ ಸಿಕ್ಕವು, ಸುಮಾರು 170 ವರ್ಷ ಹಳೆಯವು. ಪರೀಕ್ಷೆ ಮಾಡಿದರೆ ಲೀಟರಿಗೆ 150 ಗ್ರಾಂನಷ್ಟು ಸಕ್ಕರೆ. ಇವತ್ತಿನ ಕೋಲಾಗಿಂತ ಸಿಹಿ! ಆಗಿನವರ ಬಾಯಿ ಹಾಗಿತ್ತು. ಸಕ್ಕರೆ ಕಡಿಮೆಯಾಗುತ್ತಾ ಬಂದ ಹಾಗೆ ಹಣ್ಣಿನ ಗುಣ ಮುಚ್ಚಿಡುವ ಜಾಗವೂ ಕಡಿಮೆಯಾಗುತ್ತಾ ಬಂತು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಮೂರು ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದ್ದು, ಭೂಮಿ ಬಿಸಿಯಾಗುತ್ತಿದೆಯಲ್ಲ, ಹುಳಿಯ ಗತಿ ಏನು ಅಂತ. ಸರಿಯಾದ ಪ್ರಶ್ನೆ. ಇಂಗ್ಲೆಂಡಿನಲ್ಲಿ ಶಾರ್ಡೊನೆ ಮಾಗುತ್ತಿರುವುದಕ್ಕೇ ಬಿಸಿಯಾಗುತ್ತಿರುವುದು ಒಂದು ಕಾರಣ. 2018ರ ಬೇಸಿಗೆಯಲ್ಲಿ ಅಲ್ಲಿ ಹಿಂದೆಂದೂ ಕಾಣದಷ್ಟು ಬೆಳೆ ಬಂತು. ಆದರೆ ಶಾಂಪೇನಿನಲ್ಲಿ ಮೊದಲು ಸೆಪ್ಟೆಂಬರ್ ಕೊನೆಗೆ ನಡೆಯುತ್ತಿದ್ದ ಕೊಯ್ಲು 2003ರಿಂದೀಚೆಗೆ ಹಲವು ಸಲ ಆಗಸ್ಟಿನಲ್ಲೇ ಶುರುವಾಗಿದೆ. ಅಲ್ಲಿನವರು ಈಗ ಹುಳಿ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾರೆ. ಚಿಗುರು ಬೇಗ ಬರುವುದರಿಂದ ಏಪ್ರಿಲ್ ಚಳಿಗೆ ಸಿಕ್ಕಿಬೀಳುವುದೂ ತಪ್ಪಿಲ್ಲ.

ಇನ್ನೊಬ್ಬರು ಕೇಳಿದ್ದು, ಯಾವ ಗ್ಲಾಸು. ಉದ್ದನೆಯ ಕೊಳವೆಯಂಥ ಗ್ಲಾಸು ಗುಳ್ಳೆ ನೋಡಲು ಚಂದ, ಮೂಗಿಗೆ ಏನೂ ಸಿಗುವುದಿಲ್ಲ. ಎಂಟು ವರ್ಷ ಕಾಯ್ದ ಪರಿಮಳವನ್ನು ಕೊಳವೆಯಲ್ಲಿ ತುಂಬಿಟ್ಟರೆ ಏನು ಬಂತು? ಹೊಟ್ಟೆ ಸ್ವಲ್ಪ ಅಗಲವಿರುವ, ಬಾಯಿ ಕಿರಿದಾದ ಗ್ಲಾಸು ಸಾಕು. ತೀರಾ ತಣ್ಣಗೂ ಬೇಡ, 8ರಿಂದ 10 ಡಿಗ್ರಿ. ಗ್ಲಾಸಿಗೆ ಸೋಪು ಉಳಿದಿರಬಾರದು. ಒಂದು ಗ್ಲಾಸಿನಲ್ಲಿ ಹತ್ತು ಲಕ್ಷದಷ್ಟು ಗುಳ್ಳೆ ಏಳುತ್ತವೆ ಅಂತ ಫ್ರಾನ್ಸಿನ ರಾನ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲೀಜೆ ಬೆಲೇರ್ ಲೆಕ್ಕ ಹಾಕಿದ್ದಾರೆ. ಆ ಗುಳ್ಳೆಗಳ ಸಾಲು ಏಳುವುದು ಗ್ಲಾಸಿಗೆ ಅಂಟಿಕೊಂಡ ಬಟ್ಟೆಯ ನಾರಿನಂಥ ಚೂರುಗಳಿಂದ. ಒಂದು ಚೂರೂ ಇಲ್ಲದಷ್ಟು ನುಣ್ಣಗಿನ ಶುಭ್ರ ಗ್ಲಾಸಿನಲ್ಲಿ ಗುಳ್ಳೆಯೇ ಏಳದೆ ಸುಮ್ನೆ ನಿಂತಿರುತ್ತದೆ. ಹಾಗಾಗಿ ಬಟ್ಟೆಯಲ್ಲಿ ಒರೆಸುವುದು ಒಳ್ಳೆಯದೇ.

ಕೊನೆಯ ಪ್ರಶ್ನೆ ಒಬ್ಬ ಅಜ್ಜಿಯದು. ಬಾಟಲಿಯಲ್ಲಿ ಅರ್ಧ ಉಳಿದರೆ ಕತ್ತಿಗೆ ಬೆಳ್ಳಿ ಚಮಚ ಇಳಿಬಿಟ್ಟರೆ ಗುಳ್ಳೆ ಹೋಗುವುದಿಲ್ಲವಂತೆ, ನಿಜವಾ ಅಂತ. ಇಲ್ಲ ಅಜ್ಜಿ, ಚಮಚಕ್ಕೆ ಆ ಶಕ್ತಿಯಿಲ್ಲ. ಗುಳ್ಳೆ ಉಳಿದದ್ದು ಬಾಟಲಿ ಫ್ರಿಜ್ಜಿನಲ್ಲಿ ಇತ್ತು ಅಂತ. ತಣ್ಣಗಿದ್ದಷ್ಟೂ ಗಾಳಿ ವೈನಿನಲ್ಲಿ ಕರಗಿಯೇ ಇರುತ್ತದೆ. ಬಿಗಿಯಾದ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿ ಫ್ರಿಜ್ಜಿನಲ್ಲಿಡಿ, ಎರಡು ದಿನ ಚೆನ್ನಾಗಿರುತ್ತದೆ. ಚಮಚ ಡ್ರಾಯರಿನಲ್ಲೇ ಇರಲಿ.